ನಾಲಿಗೆಯ ಕೆಳಗಿನ ಹತ್ತು ನಿಮಿಷ

ಸಂಜೆ ಐದೂವರೆಗೆ ನನ್ನ ಗಂಡ ಆಕಳಿಸಿದರು. ಹಚ್ಚೊಳ್ಳಿಯ ಅವರ ಅಕ್ಕನ ಮನೆಯಲ್ಲಿ ಅಕ್ಕನ ಬಸುರಿ ಮಗಳ ಕುಬಸ ಆಗಷ್ಟೇ ಮುಗಿದಿತ್ತು. ಬಳೆ ತೊಟ್ಟ ಹೆಂಗಸರು ಎದ್ದು ಹೊರಡುತ್ತಿದ್ದರು. ನಾನು ಗೋಡೆ ಗಡಿಯಾರ ಯಾಕೆ ನೋಡಿದೆನೋ ಗೊತ್ತಿಲ್ಲ. ಒಂದರ ಹಿಂದೆ ಒಂದು ಆಕಳಿಕೆ, ಆಮೇಲೆ ಸೀನು, ಕಣ್ಣಲ್ಲಿ ನೀರು. ಹೊರಗೆ ಮೇ ತಿಂಗಳ ಬಿಸಿಲು ಇನ್ನೂ ಇಳಿದಿರಲಿಲ್ಲ, ಅವರ ಮುಂಗೈಯ ರೋಮಗಳು ಮಾತ್ರ ಚಳಿಗೆ ಸಿಕ್ಕಂತೆ ಎದ್ದು ನಿಂತಿದ್ದವು.

ಆ ಮುಂಗೈಯ ಗುರುತು ನನಗಿತ್ತು. ಅಫೀಮು ಬಿಡಿಸಲೆಂದು ಮೊದಲ ಸಲ ಬಳ್ಳಾರಿಯ ಡಾಕ್ಟರ ಹತ್ತಿರ ಕರೆದೊಯ್ದ ದಿನವೂ ಅದು ಹೀಗೆಯೇ ಇತ್ತು.

ಬಳ್ಳಾರಿಯಲ್ಲಿ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಗಣಿಯ ದೂಳಿಗೆ ಕೆಂಪಾಗುತ್ತಿದ್ದ ಕಾಲ ಅದು. ಅದಿರಿನ ಟಿಪ್ಪರ್ ಓಡಿಸುತ್ತಿದ್ದ ಇವರು ಲಾರಿಗಳ ಸಾಲಿನಲ್ಲಿ ನಿದ್ದೆಗೆಟ್ಟು ನಿಂತು, ಜೊತೆಯ ಡ್ರೈವರುಗಳಿಂದ ಅಫೀಮು ಕಲಿತಿದ್ದರು. ಡಾಕ್ಟರು ಅದನ್ನು ಬಿಡಿಸಿ ಬೇರೊಂದು ಗುಳಿಗೆ ಕೊಟ್ಟರು. ದಿನಾ ಬೆಳಿಗ್ಗೆ ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಕರಗುವ ತನಕ ಸುಮ್ಮನಿರಬೇಕು. ನುಂಗಬಾರದು, ಮಾತಾಡಬಾರದು. ಹತ್ತು ನಿಮಿಷ.

ಆ ಹತ್ತು ನಿಮಿಷಕ್ಕಾಗಿ ಈಗಲೂ ನನ್ನ ಜೀವ ಹಂಬಲಿಸುತ್ತದೆ. ಮನೆಗೆ ಬಂದರೆ ಲೋಡು, ಡೀಸೆಲ್, ಟೈರು ಬಿಟ್ಟು ಬೇರೆ ಮಾತಿಲ್ಲದ ಮನುಷ್ಯ, ಬಾಯಿ ಮುಚ್ಚಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಮಾತಾಡುತ್ತಿದ್ದೆ. ರಾತ್ರಿ ಬಿದ್ದ ಕನಸು, ಕಾಲೇಜಿನ ಹಾಸ್ಟೆಲಿನಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದ ಅಡುಗೆಯಾಕೆ, ತಲೆಗೆ ಬಂದದ್ದೆಲ್ಲ. ಅವರು ಹುಬ್ಬಿನಲ್ಲೇ ಉತ್ತರ ಕೊಡುತ್ತಿದ್ದರು. ಮದುವೆಯಾದ ಮೇಲೆ ನನ್ನ ಮಾತನ್ನು ಅವರು ಕೊನೆಯ ತನಕ ಕೇಳಿದ್ದು ಆಗಲೇ.

ಡಾಕ್ಟರು ಮೆಲ್ಲಗೆ ಗುಳಿಗೆ ಇಳಿಸುತ್ತ ಬಂದು ಕಾಲು ಭಾಗಕ್ಕೆ ತಂದಿದ್ದರು. ಅಷ್ಟರಲ್ಲಿ ಕುಬಸ ಬಂತು, ನಾಲ್ಕು ದಿನ ಮೊದಲೇ ಹೋದೆವು.

ಹಚ್ಚೊಳ್ಳಿಯ ಆ ಮನೆಯಲ್ಲಿ ಗುಳಿಗೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಮೊದಲ ದಿನ ಇವರು ಕಟ್ಟೆಯ ಮೇಲೆ ಬಾಯಿ ಮುಚ್ಚಿ ಕೂತಿದ್ದಾಗ ಅಕ್ಕನ ಮೈದುನ ಬಂದ. ಅವನೂ ಲಾರಿ ಡ್ರೈವರನೇ.

"ಏನ್ ಭಾವ, ಮೌನವ್ರತ ಹಿಡಿದೀರೇನು? ನಮ್ಮ ಮನಿ ಚಾ ಬಾಯಿಗೆ ಹತ್ತವಲ್ದೇನು?"

"ಅವನ್ನ ಯಾಕ ಕಾಡ್ತಿಯೋ," ಎಂದರು ಅಕ್ಕ. "ಹೆಂಡ್ತಿ ಬಾಯಿಗೆ ಬೀಗ ಹಾಕ್ಯಾಳ. ತಗೋ ತಮ್ಮಾ, ಆರಿ ಹೋಗ್ತೈತಿ."

ಎಲ್ಲರೂ ನಕ್ಕರು. ಇವರೂ ನಕ್ಕು ಲೋಟ ಎತ್ತಿದರು. ಅಲ್ಲಿಂದ ಮುಂದೆ ದಿನಾ ಗುಳಿಗೆಯ ಚೂರು ಬಾಯಿಗೆ ಹಾಕಿದ ಕೂಡಲೇ ಚಹಾ ಕುಡಿದರು. ಹೆಂಗೋ ಹೊಟ್ಟೆಗೆ ಹೋದರಾಯಿತಲ್ಲ ಎಂದರು. ಬಿ.ಎಸ್ಸಿ. ಮಾಡಿದ ನನಗೂ ಹಾಗೇ ಅನಿಸಿತು.

ಆಕಳಿಕೆ ಶುರುವಾದ ಮರುದಿನ ಬೆಳಿಗ್ಗೆ ಅವರ ಮುಖ ಇಳಿದುಹೋಗಿತ್ತು. ಕಾಲು ಒದ್ದು ಒದ್ದು ಹಾಸಿಗೆ ಮುದ್ದೆಯಾಗಿತ್ತು.

"ಗುಳಗಿ ಸತ್ತೈತಿ," ಎಂದರು. "ಇನ್ನ ಅದು ನಡಿಯಂಗಿಲ್ಲ." ಅವತ್ತಿನ ಚೂರು ಬಾಯಿಗೆ ಹಾಕಲಿಲ್ಲ.

ಹೊರಡುವಾಗ ಮೈದುನ ಇವರನ್ನು ಗೋಡೆಯ ಮರೆಗೆ ಕರೆದು, ಕಾಗದದ ಪೊಟ್ಟಣವೊಂದನ್ನು ಜೇಬಿಗೆ ತುರುಕಿದ. ಅಫೀಮಿನ ಡ್ರೈವರುಗಳನ್ನು ಕಂಡವನು, ಇವರ ಮುಖ ನೋಡಿದ ಕೂಡಲೇ ತಿಳಿದಿರಬೇಕು. "ಮೊದಲ್ ಎಷ್ಟ್ ಹಾಕ್ಕೊಂತಿದ್ರಿ, ಅಷ್ಟ ಹಾಕ್ಕೋರಿ ಭಾವ. ಬಸ್ಸಿನಾಗ ತಣ್ಣಗ ಕುಂತು ಹೋಗ್ರಿ." ಅವನ ದನಿಯಲ್ಲಿ ಕನಿಕರವೇ ಇತ್ತು.

ಸಿರುಗುಪ್ಪದಲ್ಲಿ ಬಳ್ಳಾರಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಅವರ ಕೈ ಜೇಬಿನ ಮೇಲಿತ್ತು, ನನ್ನ ಕಣ್ಣು ಆ ಕೈಯ ಮೇಲೆ. ಕುರುಗೋಡಿನಲ್ಲಿ ಬಸ್ ನಿಂತಾಗ ಹೊಟ್ಟೆ ತಡೆಯುತ್ತಿಲ್ಲವೆಂದು ಇಳಿದರು. ಚೀಲ ಹಿಡಿದು ನಾನೂ ಇಳಿದೆ. ಹೋಗಿ ಬಂದವರು ಬೇವಿನ ಮರದ ಕಟ್ಟೆಯ ಮೇಲೆ ಕುಸಿದು ಕೂತರು. ನಾನು ಎದುರಿನ ಅಂಗಡಿಯ ಕಾಯಿನ್ ಫೋನಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ.

"ನಾಲಿಗೆ ಕೆಳಗೆ ಎಷ್ಟು ಹೊತ್ತು ಇಟ್ಟುಕೊಂಡಿದ್ರು?" ಡಾಕ್ಟರು ಕೇಳಿದ ಮೊದಲ ಮಾತೇ ಅದು.

"ಇಟ್ಟುಕೊಂಡಿಲ್ಲ ಸರ್. ಚಹಾದ ಜೊತೆ ನುಂಗಿದ್ರು."

"ನುಂಗಿದರೆ ತಗೊಂಡೂ ತಗೊಳ್ಳದ ಹಾಗೇ ಅಮ್ಮ."

ಜೇಬಿನ ಪೊಟ್ಟಣದ ಮಾತು ಹೇಳಿದೆ. ಡಾಕ್ಟರ ದನಿ ಬದಲಾಯಿತು. ಹಳೆಯ ಅಳತೆಯನ್ನು ಮೈ ಮರೆತಿದೆ, ಆಗ ತಿನ್ನುತ್ತಿದ್ದಷ್ಟನ್ನು ಈಗ ತಿಂದರೆ ಉಸಿರೇ ನಿಲ್ಲಬಹುದು ಎಂದರು. ಇವತ್ತಿನ ಚೂರನ್ನು ಈಗಲೇ ನಾಲಿಗೆಯ ಕೆಳಗೆ ಇಡಿಸಿ, ಕರಗಿದ ಮೇಲೆ ನೇರ ನನ್ನ ಹತ್ತಿರ ಕರಕೊಂಡು ಬನ್ನಿ ಎಂದರು.

ಅವರ ಮಾತು ಮುಗಿಯುವ ಮೊದಲೇ ಕಟ್ಟೆಯ ಮೇಲೆ ಇವರು ಪೊಟ್ಟಣ ಬಿಚ್ಚುವುದು ಕಾಣಿಸಿತು. ಫೋನು ಅಲ್ಲೇ ಬಿಟ್ಟು ಓಡಿದೆ. ಆ ಬಸ್ ನಿಲ್ದಾಣದ ಅಂಗಳವನ್ನು ನಾನು ಇವತ್ತಿಗೂ ದಾಟುತ್ತಲೇ ಇದ್ದೇನೆ. ಕೆಲವು ಸಲ ತಡವಾಗಿ ತಲುಪುತ್ತೇನೆ.

"ಅದನ್ನ ತಿಂದ್ರ ಉಸಿರು ನಿಲ್ತೈತಂತ," ಎಂದೆ. "ಗುಳಗಿ ಸತ್ತಿಲ್ರಿ. ಚಾದಾಗ ಕೊಚ್ಚಿ ಹೋಗೈತಿ."

ಅವರು ಅಂಗೈಯಲ್ಲಿದ್ದ ಕಪ್ಪು ಉಂಡೆಯನ್ನೇ ನೋಡುತ್ತಿದ್ದರು. "ಲೋಡ್ ಇಳಿಸಿ ಖಾಲಿ ಗಾಡಿ ಓಡಿಸಿದಂಗ ಇರ್ತಿತ್ತು ಲೇ ಇದು. ಈಗ ದಿನಾ ಲೋಡ್ ಗಾಡಿನ."

"ಹತ್ ನಿಮಿಷ ಕುಂದರ್ರಿ. ಆಮ್ಯಾಲ ನಿಮ್ಮಿಷ್ಟ."

ಆ ಕೊನೆಯ ಮಾತು ಹೇಗೆ ಬಂತೋ. ಅವರು ಬಾಯಿ ತೆರೆದರು, ಚೂರನ್ನು ನಾನೇ ನಾಲಿಗೆಯ ಕೆಳಗೆ ಇಟ್ಟೆ. ಉಂಡೆ ಅವರ ಮುಷ್ಟಿಯಲ್ಲೇ ಉಳಿಯಿತು. ನಮ್ಮ ಬಸ್ ಹಾರ್ನ್ ಹೊಡೆದು ಹೊರಟು ಹೋಯಿತು. ನಾನು ಮಾತಾಡಿದೆ. ಕುಬಸದ ಐದು ಬಗೆಯ ಅನ್ನ, ಬಸುರಿಯ ಕೈಗೆ ಬಳೆ ಏರದೆ ಬೆವತ ಬಳೆಗಾರ, ಮತ್ತೆ ಅದೇ ಹಾಸ್ಟೆಲಿನ ಅಡುಗೆಯಾಕೆ. ಮಾತು ತೀರಿಹೋದರೆ ಏನು ಗತಿ ಎಂಬ ಹೆದರಿಕೆಯಲ್ಲಿ ಹೇಳಿದ್ದನ್ನೇ ಹೇಳಿದೆ. ಉಪ್ಪಿನ ಸಾರಿನ ಹತ್ತಿರ ಬಂದಾಗ ಅವರ ಹುಬ್ಬು ಅಲುಗಿತು. ಸ್ವಲ್ಪ ಹೊತ್ತಿಗೆ ಮುಷ್ಟಿಯನ್ನು ನನ್ನ ಕೈಯ ಮೇಲೆ ತಂದು ಬಿಚ್ಚಿದರು. ಉಂಡೆಯನ್ನು ಚರಂಡಿಗೆ ಎಸೆದೆ.

ಡಾಕ್ಟರು ಮೊದಲಿಗಿಂತ ನಿಧಾನವಾಗಿ ಇಳಿಸಿದರು. ಮಳೆಗಾಲ ಕಳೆದ ಮೇಲೆ ಗುಳಿಗೆ ಪೂರ್ತಿ ನಿಂತಿತು. ಆಗಲೂ ಮೈ ಸುಮ್ಮನಿರಲಿಲ್ಲ. ಕಾಲುಗಳ ಸೆಳೆತ, ಬಾರದ ನಿದ್ದೆ, ಕಾರಣವಿಲ್ಲದ ಅಳು. ಡಾಕ್ಟರು ಹೇಳಿದಂತೆ ಬಿಸಿನೀರು ಸುರಿದೆ, ಗಂಜಿ ಕುಡಿಸಿದೆ, ಸಂಜೆ ಕೋಟೆಯ ದಾರಿಯಲ್ಲಿ ಜೊತೆಗೆ ನಡೆದೆ. ಬೆಳಿಗ್ಗೆ ಅವರು ಅಭ್ಯಾಸಬಲದಿಂದ ಮೆಟ್ಟಿಲಿಗೆ ಬಂದು ಕೂರುತ್ತಿದ್ದರು. ಬಾಯಿ ತಡಕಾಡುತ್ತೆ ಎಂದಾಗ ಕಲ್ಲುಸಕ್ಕರೆಯ ಹರಳು ಕೊಟ್ಟೆ. ಅದು ಬೇಗ ಕರಗಿಬಿಡುತ್ತಿತ್ತು, ಅವರು ಟೈರಿನ ಮಾತು ಶುರು ಮಾಡುತ್ತಿದ್ದರು. ಗುಳಿಗೆ ನಿಂತದ್ದಕ್ಕೆ ದೇವರಿಗೆ ಕೈ ಮುಗಿದ ನಾನೇ ಅದರ ಹತ್ತು ನಿಮಿಷವನ್ನು ಹುಡುಕುತ್ತಿದ್ದೆ. ಇದನ್ನು ಯಾರಿಗೆ ಹೇಳಲಿ?

ರಾತ್ರಿ ಎಚ್ಚರವಾದಾಗಲೆಲ್ಲ ಅವರ ಮೂಗಿನ ಹತ್ತಿರ ಬೆರಳು ಹಿಡಿಯುವುದು ನನಗೆ ರೂಢಿಯಾಗಿತ್ತು.

ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಬಾಗಿಲು ಬಡಿದಳು. "ನೀರು ಬಂದು ನಿಂತೂ ಹೋತ್ರೀ ಅಕ್ಕಾ. ಎಷ್ಟ್ ಬಾಗಿಲಾ ಬಡಿಬೇಕು, ಸತ್ತೋರಂಗ ಮಲ್ಕೊಂಡೀರಲ್ಲ."

ನಮ್ಮ ಓಣಿಗೆ ನೀರು ಬರುವುದೇ ಅಪರೂಪ. ಕೊಡಗಳೆಲ್ಲ ಖಾಲಿ. ಬಿಸಿಲು ಹಾಸಿಗೆಯ ತನಕ ಬಂದಿತ್ತು. ಇವರು ಕೆನ್ನೆಯ ಮೇಲೆ ಚಾಪೆಯ ಗೆರೆ ಹೊತ್ತು ಎದ್ದು ಕೂತರು.

"ಒಮ್ಮಿನೂ ಎಚ್ಚರ ಆಗ್ಲಿಲ್ಲೇನ್ರಿ?" ಎಂದೆ.

ಅವರು ಇಲ್ಲವೆಂದು ತಲೆಯಾಡಿಸಿ, ನಿನಗೆ ಎಂಬಂತೆ ಹುಬ್ಬು ಏರಿಸಿದರು.