ಕಲ್ಲುಮೊಟ್ಟೆ ಮನೆಯ ರೈಟರ್

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರುವ ಕೆಲವು ವಿವರಗಳು ತಪ್ಪಿರಬಹುದು. ಎಸ್ಟೇಟಿನ ಜೀಪು ನೀಲಿ ಬಣ್ಣದ್ದು ಎಂದು ನನ್ನ ನೆನಪು. ಹಸಿರು ಎನ್ನುತ್ತಾರೆ ಅತ್ತೆ. ಡೈರಿ ಬರೆಯುವವಳಾದ್ದರಿಂದ ನನ್ನ ನೆನಪು ಗಟ್ಟಿ ಎಂದು ಜನ ನಂಬಿದ್ದಾರೆ. ಡೈರಿ ಬರೆಯುವವರಷ್ಟು ಮರೆಗುಳಿಗಳು ಬೇರೆ ಯಾರೂ ಇಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು. ಬರೆದದ್ದನ್ನು ಮಾತ್ರ ನಡೆದದ್ದು ಎಂದುಕೊಳ್ಳುತ್ತೇವೆ, ಬರೆಯದೆ ಬಿಟ್ಟದ್ದನ್ನು ನೆಮ್ಮದಿಯಾಗಿ ಕಳೆದುಕೊಳ್ಳುತ್ತೇವೆ.

ಈ ಸಲ ಎಲ್ಲವನ್ನೂ ಎಬ್ಬಿಸಿದ್ದು ಒಂದು ವಾಸನೆ. ರಜೆಗೆಂದು ಅತ್ತೆಯ ಮನೆಗೆ ಬಂದಿದ್ದೆ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಕಣದಲ್ಲಿ ಕಾಫಿ ಹಣ್ಣು ಹರವಿದ್ದರು. ಎರಡು ದಿನ ಬಿಸಿಲು ಕಂಡ ಹಣ್ಣಿಗೆ ಹುಳಿಯೋ ಸಿಹಿಯೋ ಹೇಳಲಾಗದ ಒಂದು ವಾಸನೆ ಬರುತ್ತದೆ ನೋಡಿ, ಅದು ಮೂಗಿಗೆ ಬಿದ್ದ ಕೂಡಲೇ ನನ್ನ ಕಿವಿಯಲ್ಲಿ ಒಬ್ಬ ಮನುಷ್ಯ ಹೆಸರುಗಳನ್ನು ಕೂಗಲು ಶುರುಮಾಡುತ್ತಾನೆ.

ಅವನು ಬೆಳ್ಯಪ್ಪಣ್ಣ. ಎದುರು ಗುಡ್ಡದ ಎಸ್ಟೇಟಿನಲ್ಲಿ ರೈಟರ್, ಎಂದರೆ ಗುಮಾಸ್ತ, ಆಗಿದ್ದ. ಬೆಳಿಗ್ಗೆ ಆಳುಗಳ ಹಾಜರಿ ಕೂಗಿ ಯಾರು ಯಾವ ತೋಟಕ್ಕೆ ಎಂದು ಹಂಚುವುದು ಅವನ ಕೆಲಸ. ಕೊಯ್ಲಿನ ಕಾಲದಲ್ಲಿ ಕಣಿವೆ ತುಂಬ ಮಂಜಿರುತ್ತಿತ್ತು. ಅವನೂ ಕಾಣುತ್ತಿರಲಿಲ್ಲ, ಆಳುಗಳೂ ಕಾಣುತ್ತಿರಲಿಲ್ಲ. ಒಂದು ಹೆಸರು, ಒಂದು "ಹಾಜರ್", ಇನ್ನೊಂದು ಹೆಸರು, ಇನ್ನೊಂದು "ಹಾಜರ್" ಹೀಗೆ ದನಿಗಳು ಮಾತ್ರ ಇತ್ತ ಕಡೆಗೆ ತೇಲಿಬರುತ್ತಿದ್ದವು. ಹೆಸರುಗಳ ನಡುವೆ ಅವನ ತಮಾಷೆ, ಹೆಂಗಸರ ನಗು. ಸಂಜೆ ಜೀಪಿನಲ್ಲಿ ಹಣ್ಣು ಕೊಯ್ಯುವ ಹೆಂಗಸರನ್ನು ಆಳುಗಳ ಸಾಲುಮನೆಗಳಿದ್ದ ಲೈನಿಗೆ ಬಿಟ್ಟು ಹೋಗುವಾಗ ನಮ್ಮ ಗೇಟಿನ ಬಳಿ ನಿಲ್ಲಿಸಿ, "ಏನ್ ಡೈರಿ ಕೂಸೇ, ಇವತ್ತ್ ನನ್ನ ಹಾಜರಿ ಹಾಕಿದಿಯಾ?" ಎಂದು ಕೇಳುತ್ತಿದ್ದ. ನಾನಾಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ, ಕೊಯ್ಲಿನ ಕಾಲಕ್ಕೆ ಅತ್ತೆಯ ಮನೆಗೆ ಬಂದು ಇರುತ್ತಿದ್ದೆ. ಕೂಸೇ ಎಂದರೆ ಸಿಟ್ಟು ಬರುತ್ತಿತ್ತು, ಆದರೂ ಆ ರಾತ್ರಿ ಅವನ ಹೆಸರನ್ನು ಬರೆಯುತ್ತಿದ್ದೆ.

ನಮ್ಮ ಕಡೆ ಮೊದಲು ಮನೆ, ಎಂದರೆ ಮನೆತನದ ಹೆಸರು, ಆಮೇಲೆ ಮನುಷ್ಯ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿ ಮೊದಲು ಕೇಳುವುದು "ಯಾವ ಮನೆ?" ಎಂದು. ಮನೆ ಹೇಳಿದರೆ ಸಾಕು, ಹೆಸರು ಕೇಳಲು ಮರೆತೇ ಇಳಿದುಹೋಗುತ್ತಾಳೆ. ಆ ವರ್ಷ ಎಸ್ಟೇಟಿನ ಲೈನಿನಲ್ಲಿದ್ದ ಒಬ್ಬ ಹೆಂಗಸು ಠಾಣೆಗೆ ಹೋಗಿ ಅತ್ಯಾಚಾರದ ದೂರು ಕೊಟ್ಟಳು. ನಮ್ಮ ಸಣ್ಣ ಪತ್ರಿಕೆಯವರು ನ್ಯಾಯವಂತರು. ಅವಳ ಹೆಸರು ಹಾಕಲಿಲ್ಲ, ಅದು ಕಾನೂನು. ತಪ್ಪು ಸಾಬೀತಾಗುವವರೆಗೆ ಆರೋಪಿಯ ಹೆಸರೂ ಬೇಡವೆಂದು, 'ಕಲ್ಲುಮೊಟ್ಟೆ ಮನೆಯ ಎಸ್ಟೇಟ್ ರೈಟರ್ ಒಬ್ಬರ ಮೇಲೆ ದೂರು' ಎಂದಷ್ಟೇ ಬರೆದರು. ಮನೆಯ ಹೆಸರನ್ನು ಬಿಟ್ಟು ಒಬ್ಬನ ಬಗ್ಗೆ ಬರೆಯುವುದು ಹೇಗೆಂದು ಆ ವರದಿಗಾರನಿಗೆ ಹೊಳೆದೇ ಇರಲಿಕ್ಕಿಲ್ಲ. ನನಗೂ ಹೊಳೆಯುತ್ತಿರಲಿಲ್ಲ.

ಕಲ್ಲುಮೊಟ್ಟೆ ಮನೆಯಲ್ಲಿ ರೈಟರ್‌ಗಳು ಇಬ್ಬರಿದ್ದರು. ಅದೇ ಎಸ್ಟೇಟಿನಲ್ಲಿ ಹಾಜರಿ ಕೂಗುವ ಬೆಳ್ಯಪ್ಪಣ್ಣ, ಗೋದಾಮು ನೋಡಿಕೊಳ್ಳುವ ಅವನ ದೊಡ್ಡಪ್ಪನ ಮಗ ಕುಶಾಲಪ್ಪ.

ಆ ಸುದ್ದಿ ಬಂದ ದಿನ ಮಧ್ಯಾಹ್ನ ಕಣದಲ್ಲಿ ಕಾಫಿ ಕೆದಕುತ್ತಿದ್ದೆವು. ಅತ್ತೆ, ಪಕ್ಕದ ಮನೆಯ ಪೂವಕ್ಕ, ನಾನು. ಓದಿದವಳೆಂದು ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು. ನಾನು ಗಟ್ಟಿಯಾಗಿ ಓದಿದೆ.

"ಯಾವ ರೈಟರ್? ದೊಡ್ಡಂವನಾ, ಸಣ್ಣಂವನಾ?" ಎಂದರು ಪೂವಕ್ಕ.

"ಕುಶಾಲಪ್ಪ ಪಾಪ, ಬೆನ್ನು ನೋವೂಂತ ಮೈಸೂರಿಗೆ ಹೋಗಿ ನಾಕ್ ದಿನ ಆತಂತೆ. ಎರಡ್ ಹೆಣ್ಣ್ ಮಕ್ಕಳ ಅಪ್ಪ," ಎಂದರು ಅತ್ತೆ.

"ಮತ್ತೆ ಜೀಪ್‌ಲಿ ಹೆಂಗಸರ್ನ ಹತ್ತಿಸ್ಕೊಂಡ್ ಹಲ್ಲು ಬಿಡುದು ಯಾರ್?" ಎಂದರು ಪೂವಕ್ಕ.

ಆಮೇಲೆ ಯಾರೋ ಒಬ್ಬರು ಒಂದು ಹೆಸರು ಹೇಳಿದೆವು. ಮೂವರಲ್ಲಿ ಒಬ್ಬರು. ಆ ದಿನದ ಡೈರಿಯಲ್ಲಿ ಊಟಕ್ಕೆ ಏನಿತ್ತು ಎಂಬುದಿದೆ, ಅತ್ತೆಯ ಕಾಲಿಗೆ ಮುಳ್ಳು ಚುಚ್ಚಿದ್ದಿದೆ. ಹೆಸರು ಹೇಳಿದ್ದು ಯಾರು ಎಂಬುದಿಲ್ಲ.

ಎರಡು ದಿನ ಕಳೆದಿರಬೇಕು, ಅಷ್ಟರಲ್ಲಿ ಆ ಹೆಸರು ಊರು ದಾಟಿ ಲೈನಿಗೂ ಮುಟ್ಟಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತಿದ್ದೆ. ಮಂಜಿನೊಳಗಿನಿಂದ ಬೆಳ್ಯಪ್ಪಣ್ಣ ಮೊದಲ ಹೆಸರು ಕೂಗಿದ. ಉತ್ತರವಿಲ್ಲ. ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ಆಳುಗಳು ಬಂದಿಲ್ಲವೇನೋ ಎಂದುಕೊಂಡೆ. ಅಷ್ಟರಲ್ಲಿ ಯಾರೋ ಕೆಮ್ಮಿದರು, ಒಂದು ಮಗು ಅತ್ತಿತು, ಬಳೆಗಳ ಸದ್ದಾಯಿತು. ಎಲ್ಲರೂ ಅಲ್ಲೇ ಇದ್ದರು. ಮಂಜಿನಲ್ಲಿ ಸಾಲಾಗಿ ನಿಂತಿದ್ದರು, ಬಾಯಿ ಮಾತ್ರ ಬಿಡಲಿಲ್ಲ. ಅವನು ಕೊನೆಯವರೆಗೂ ಕೂಗಿದ. ಪೇಸ್ಟು ಬಾಯಲ್ಲೇ ಒಣಗುವವರೆಗೆ ನಾನು ಕೇಳುತ್ತ ನಿಂತಿದ್ದೆ.

ಅಂದಿನಿಂದ ಜೀಪು ಗೇಟಿನ ಬಳಿ ನಿಲ್ಲಲಿಲ್ಲ. ಊರಿನಲ್ಲಿ ಅವನಿಗೆ ಹೆಸರೂ ಉಳಿಯಲಿಲ್ಲ, 'ಅಂವ' ಎನ್ನುತ್ತಿದ್ದರು. ಅಂಗಡಿಗೆ ಅಂವ ಬಂದರೆ ಮಾತು ನಿಲ್ಲುತ್ತಿತ್ತು. ಅವನ ಮನೆಯವರಿಗೆ ಸತ್ಯ ಗೊತ್ತಿತ್ತು. ಕುಶಾಲಪ್ಪ ಇದ್ದದ್ದು ಮೈಸೂರಿನಲ್ಲಲ್ಲ, ಮಡಿಕೇರಿಯಲ್ಲಿ, ಬಂಧನದಲ್ಲಿ. ಆದರೂ ಸುಮ್ಮನಿದ್ದರು. ಮದುವೆಯಾಗಬೇಕಾದ ಹೆಣ್ಣುಮಕ್ಕಳಿದ್ದದ್ದು ಕುಶಾಲಪ್ಪನಿಗೆ, ಬೆಳ್ಯಪ್ಪಣ್ಣ ಒಂಟಿ. ಬೆಳ್ಯಪ್ಪಣ್ಣನೂ ಬಾಯಿ ಬಿಡಲಿಲ್ಲ. ದಿನವೂ ಇನ್ನೊಬ್ಬರ ಹೆಸರು ಕೂಗುವುದೇ ಕೆಲಸವಾಗಿದ್ದವನು ಆ ಒಂದು ಹೆಸರನ್ನು ಯಾಕೆ ಕೂಗಲಿಲ್ಲ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಿಜ ಗೊತ್ತಾದದ್ದು ಕುಶಾಲಪ್ಪನನ್ನು ಕೋರ್ಟಿಗೆ ಕರೆತಂದದ್ದನ್ನು ಊರಿನವರೇ ಕಂಡಾಗ, ತಿಂಗಳ ಮೇಲೆ. ಅವನ ಹೆಸರು ಹರಡಿದ ವಾರದಲ್ಲಿ, ಹಿಂದಿನ ಕೊಯ್ಲುಗಳಿಗೆ ಬಂದು ಹೋಗಿದ್ದ ಇನ್ನಿಬ್ಬರು ಹೆಂಗಸರು ಎಲ್ಲಿಂದಲೋ ಬಂದು ಹೇಳಿಕೆ ಕೊಟ್ಟರು. ವರ್ಷಗಳ ಮೇಲೆ ಅವನಿಗೆ ಶಿಕ್ಷೆಯೂ ಆಯಿತು.

ದೂರು ಕೊಟ್ಟವಳನ್ನು ನಾನು ಒಮ್ಮೆ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಅವಳ ಹೆಸರೂ ಎಲ್ಲೂ ಅಚ್ಚಾಗಿರಲಿಲ್ಲ, ಆದರೂ ಲೈನಿನ ಎಷ್ಟನೆಯ ಬಾಗಿಲು ಅವಳದು ಎಂದು ಮಕ್ಕಳಿಗೂ ಗೊತ್ತಿತ್ತು. ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನಗೆ ಏನು ದುರ್ಬುದ್ಧಿಯೋ, "ಯಾರೂಂತ ಮೊದಲೇ ಹೇಳಿದ್ರೆ ಬೆಳ್ಯಪ್ಪಣ್ಣ ಉಳೀತಿದ್ದ" ಎಂದೆ.

ಅವಳು ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು. "ಪೊಲೀಸಿಗೆ ಅವತ್ತೇ ಹೇಳಿದೀನಿ ಅಕ್ಕಾ. ನಿಮ್ಮೂರಲ್ಲಾಗಲಿ ಲೈನಲ್ಲಾಗಲಿ ನನ್ನ ಕೇಳಿದ್ದು ಯಾರು?"

ಹೌದಲ್ಲ. ಗೊತ್ತಿದ್ದವಳು ಕೂಗಳತೆಯಲ್ಲಿದ್ದಳು. ನಾವು ಮೂವರು ಕಣದಲ್ಲಿ ಕೂತು ಊಹಿಸಿದೆವು.

ನಿಜ ಹೊರಬೀಳುವಷ್ಟರಲ್ಲಿ ಬೆಳ್ಯಪ್ಪಣ್ಣ ಊರು ಬಿಟ್ಟು ಹೋಗಿದ್ದ. ಗಡಿಯೂರಾದ ಕುಟ್ಟದ ಬಸ್ಸು ಹತ್ತಿದ್ದನ್ನು ಕಂಡವರಿದ್ದಾರೆ, ಗಡಿಯಾಚೆ ಎಲ್ಲಿ ಇಳಿದ ಎಂದು ಕಂಡವರಿಲ್ಲ. ಅವನು ಹೋಗುವ ಹಿಂದಿನ ಬೆಳಿಗ್ಗೆ ನಾನು ಕೇಳಿಸಿಕೊಂಡದ್ದೊಂದಿದೆ. ಕೊಯ್ಲು ಮುಗಿದು ಲೈನುಗಳು ಖಾಲಿಯಾಗಿದ್ದವು. ಆದರೂ ಮಂಜಿನಲ್ಲಿ ಅದೇ ದನಿ, ಅದೇ ಹೆಸರುಗಳು, ಅದೇ ಕ್ರಮದಲ್ಲಿ. ಪ್ರತಿ ಹೆಸರಾದ ಮೇಲೂ ಒಂದು 'ಹಾಜರ್' ಹಿಡಿಸುವಷ್ಟು ಬಿಡುವು. ಎಲ್ಲ ಮುಗಿದ ಮೇಲೆ, "ಕಲ್ಲುಮೊಟ್ಟೆ ಬೆಳ್ಯಪ್ಪ." ಬಿಡುವು. ಇನ್ನೊಮ್ಮೆ, "ಕಲ್ಲುಮೊಟ್ಟೆ ಬೆಳ್ಯಪ್ಪ." ನಾನು ಇಲ್ಲಿಂದ ಕೂಗಿದ್ದರೆ ಅಲ್ಲಿಗೆ ಕೇಳುತ್ತಿತ್ತು. ಕೂಗಲಿಲ್ಲ.

ಇದು ಡೈರಿಯಲ್ಲಿಲ್ಲ. ಎಸ್ಟೇಟಿನ ಗೇಟಿಗೆ ಆಗಲೇ ಬೀಗ ಬಿದ್ದಿತ್ತು ಎನ್ನುತ್ತಾರೆ ಅತ್ತೆ.

ಈಗ ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಆಗಾಗ ಈ ವಾದ ಏಳುತ್ತದೆ. ಶಿಕ್ಷೆಯಾಗುವವರೆಗೆ ಆರೋಪಿಯ ಹೆಸರು ಮುಚ್ಚಿಡಬೇಕು ಎಂದು ಒಬ್ಬರು, ಮುಚ್ಚಿಟ್ಟರೆ ಉಳಿದ ಹೆಂಗಸರು ಹೇಗೆ ಮುಂದೆ ಬರಬೇಕು ಎಂದು ಇನ್ನೊಬ್ಬರು. "ನೀವೇನಂತೀರಿ ಮೇಡಂ?" ಎಂದು ನನ್ನತ್ತ ತಿರುಗುತ್ತಾರೆ. ಹೆಸರು ಹಾಕಿದ್ದರೆ ಬೆಳ್ಯಪ್ಪಣ್ಣ ಉಳಿಯುತ್ತಿದ್ದ, ಆ ಇಬ್ಬರು ಹೆಂಗಸರೂ ಬೇಗ ಬರುತ್ತಿದ್ದರು ಎನ್ನಲು ಬಾಯಿ ತೆರೆಯುತ್ತೇನೆ. ದೂರೇ ಸುಳ್ಳಾಗಿದ್ದರೆ ಕುಶಾಲಪ್ಪನೇ ಇನ್ನೊಬ್ಬ ಬೆಳ್ಯಪ್ಪಣ್ಣನಾಗುತ್ತಿದ್ದನಲ್ಲ ಎಂದು ಮುಚ್ಚುತ್ತೇನೆ. ಕಾನೂನು ಹೆಸರನ್ನು ಮುಚ್ಚಬಹುದು. ಕಣದಲ್ಲಿ ಕೂತ ಮೂವರ ಬಾಯಿಯನ್ನು ಏನು ಮಾಡುತ್ತದೆ? "ಗೊತ್ತಾಗಲ್ಲ" ಎನ್ನುತ್ತೇನೆ. ಓದಿದವಳ ಜಾಣತನ ಎಂದುಕೊಂಡು ನಗುತ್ತಾರೆ.

ಪೂವಕ್ಕ ತೀರಿಹೋದರು. ಮೂವರಲ್ಲಿ ಉಳಿದವರು ಇಬ್ಬರು. ಮೊನ್ನೆ ಅತ್ತೆ ಕಣದ ಕಾಫಿಯನ್ನು ರಾಶಿಗೆ ಎಳೆಯುತ್ತಿದ್ದರು, ಮರದ ಹಲಗೆ ಸಿಮೆಂಟಿನ ಮೇಲೆ ಸರ್‌ ಸರ್‌ ಎನ್ನುತ್ತಿತ್ತು. ಇಷ್ಟು ವರ್ಷ ನಾನೇ ಸಾಕ್ಷಿ ಎಂದುಕೊಂಡಿದ್ದೆ. ಆ ವಾಸನೆಯಲ್ಲಿ ನಿಂತಾಗ ಮೊದಲ ಬಾರಿಗೆ ನನ್ನ ನಾಲಿಗೆಯ ಮೇಲೆಯೇ ಆ ಹೆಸರಿನ ಗುರುತು ಸಿಕ್ಕಂತಾಯಿತು. ಕೇಳಿಯೇಬಿಟ್ಟೆ. ಅತ್ತೆಯ ಹಲಗೆ ನಿಂತಿತು. ಎದುರು ಗುಡ್ಡದ ಕಡೆ ಒಮ್ಮೆ ನೋಡಿದರು. "ಬಿಸಿಲು ಹೋಗ್ತಾ ಉಂಟು, ಆ ಮೂಲೆದ್ ಎಳಿ" ಎಂದು ಮತ್ತೆ ಎಳೆಯತೊಡಗಿದರು.

ನಾನು ಕೇಳಿದ್ದು ಇಷ್ಟೇ: "ಅತ್ತೇ, ಅವತ್ತು ಬೆಳ್ಯಪ್ಪಣ್ಣನ ಹೆಸರು ಹೇಳಿದ್ದು ನಾನಾ?"