ಅಕ್ಕ ಬರೆದ ಗಿಡಗಳು

ಆ ಪ್ರೊಫೆಸರನನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ.

ನಮ್ಮ ಸೀಮೆಯಲ್ಲಿ ಸಸ್ಯಶಾಸ್ತ್ರ ಓದಿದ ಮೊದಲ ಹೆಣ್ಣುಮಗಳು ನನ್ನ ಅಕ್ಕ. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಹೈದರಾಬಾದಿನಿಂದ ಮರಳಿ ನಿಲಂಗಾದಲ್ಲಿ ಶಿಕ್ಷಕಿಯಾದಳು. ರಜೆ ಬಂತೆಂದರೆ ದಾಳಿಂಬ, ಕಾಸಾರಶಿರಸಿ ಊರುಗಳ ಹೊಲದ ಬದುಗಳಲ್ಲಿ ಕೂತು, ಜನ ಕಳೆ ಎಂದು ಕಿತ್ತೆಸೆಯುವ ಗಿಡಗಳನ್ನು ಬೇರುಸಹಿತ ಚಿತ್ರಿಸುತ್ತಿದ್ದಳು. ಕೆಳಗೆ ಎರಡು ಹೆಸರು: ನಮ್ಮವರ ಉತ್ತರಾಣಿ, ಮರಾಠಿಯವರ ಆಘಾಡಾ. ವರ್ಷಗಳು ಕಳೆದಂತೆ ಒಂದು ಟ್ರಂಕು ತುಂಬಿತು.

ಹೈದರಾಬಾದಿನಲ್ಲಿ ಪಾಠ ಹೇಳುತ್ತಿದ್ದ, ನಮ್ಮ ಕಡೆಯವನೇ ಆದ ಆ ಪ್ರೊಫೆಸರನನ್ನು ಉದಗೀರದ ನಮ್ಮ ಮನೆಗೆ ಕರೆತಂದವನು ನಾನೇ. ಉಂಡು, ಎಲೆಅಡಿಕೆ ಹಾಕಿಕೊಂಡು, ಹೆಬ್ಬೆರಳನ್ನು ನಾಲಿಗೆಗೆ ಹಚ್ಚಿ ಒಂದೊಂದೇ ಹಾಳೆ ತಿರುವಿದ. ಮೂಲೆಗಳಿಗೆಲ್ಲ ಕೆಂಪು ಎಂಜಲು ಮೆತ್ತಿತು. ನಾನು ನೋಡಿಯೂ ಹಲ್ಲುಬಿಟ್ಟು ಕೂತೆ.

"ಪುಸ್ತಕ ಮಾಡೋಣರೀ. ಅಕ್ಕಾರ ಹೆಸರು ಮೊದಲ ಹಾಕ್ತೀನಿ" ಎಂದ.

ಅಕ್ಕನಿಗೆ ಮನಸ್ಸಿರಲಿಲ್ಲ. "ಕೊಡ ಅಕ್ಕಾ, ಟ್ರಂಕಿನಾಗ ಹುಳ ಹಿಡಿತದ" ಎಂದು ಕೊಡಿಸಿದವನೂ ನಾನೇ.

ಪುಸ್ತಕ ಬರುವಷ್ಟರಲ್ಲಿ ನಮ್ಮ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಪ್ರೊಫೆಸರ ಕನ್ನಡ ಹೆಸರುಗಳನ್ನೆಲ್ಲ ಅಳಿಸಿ ಮರಾಠಿಯವನ್ನಷ್ಟೇ ಉಳಿಸಿದ್ದ. ಪ್ರತಿ ಚಿತ್ರದ ಕೆಳಗೂ ಅವನ ಸಹಿ. ಬಣ್ಣ ತುಂಬಲು ನೆರವಾದ 'ಒಬ್ಬ ಸ್ಥಳೀಯ ಮಹಿಳೆ'ಗೆ ಮುನ್ನುಡಿಯಲ್ಲಿ ಒಂದು ಸಾಲಿನ ಕೃತಜ್ಞತೆ.

ಉದಗೀರದ ವ್ಯಾಪಾರಸ್ಥರು ಅವನಿಗೆ ಸತ್ಕಾರ ಇಟ್ಟರು. ಅವರಲ್ಲೊಬ್ಬನಾದ ನಮ್ಮಪ್ಪನೇ ಶಾಲು ಹೊದಿಸಿದ. ನಾನು ಹಾರದ ತಟ್ಟೆ ಹಿಡಿದು ನಿಂತಿದ್ದೆ. ಹೆಂಗಸರ ಸಾಲಿನಿಂದ ಅಕ್ಕ ಎದ್ದು, ಪುಸ್ತಕದ ಒಂದು ಪುಟ ತೆರೆದು ಹಿಡಿದಳು.

"ಸರ, ಈ ಗಿಡ ನಿಮಗ ಎಲ್ಲಿ ಸಿಕ್ತರೀ?"

"ಉಮರಗಾ ಕಡಿ, ಗುಡ್ಡದ ಮ್ಯಾಲ."

"ಗುಡ್ಡದ ಮ್ಯಾಲ ಇದು ಒಂದಿನಾ ಬದುಕಂಗಿಲ್ರೀ. ಕೆಸರಿನ ಗಿಡ ಇದು. ಮೊಣಕಾಲತನಕ ಹಳ್ಳದಾಗ ನಿಂತು ಬರದೀನಿ ನಾ."

ಅವನು ಹಲ್ಲು ಕಿರಿದ. "ಬಸಾ ತಾಯಿ, ಬಸಾ" ಎಂದು ಯಾರೋ ಮರಾಠಿಯಲ್ಲಿ ಕೂರಲು ಹೇಳಿದರು. ಸಭೆ ನಕ್ಕಿತು. "ಕೂಡು, ಮನಿ ಮರ್ಯಾದಿ ಕಳೀಬ್ಯಾಡ" ಎಂದ ಅಪ್ಪ. ಅಕ್ಕ ಕೂಡದೆ ಹೊರನಡೆದಳು.

ನಾನು ಪೇಢೆ ಹಂಚಿದೆ. ನಾನೂ ಒಂದನ್ನು ಬಾಯಿಗೆ ಹಾಕಿಕೊಂಡೆ. ಗೋಡೆಯ ಹಿಂದೆ ಹೋಗಿ ಉಗುಳಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಮರುವಾರ ನಿಲಂಗಾಕ್ಕೆ ಹೋದೆ. ಅಕ್ಕ ಹಿತ್ತಲಲ್ಲಿ ಕೂತು ತುಂಬೆ ಗಿಡ ಬರೆಯುತ್ತಿದ್ದಳು. ಈ ಸಲ ಬೇರಿನ ಪಕ್ಕದಲ್ಲೇ ಶಾಯಿಯಿಂದ ತನ್ನ ಹೆಸರು ಹಾಕಿದ್ದಳು.

"ತಪ್ಪಾತು ಅಕ್ಕಾ."

ಆಕೆ ತಲೆ ಎತ್ತಲಿಲ್ಲ. "ನಿನಗೆಲ್ಲಾ ಗೊತ್ತಿತ್ತು. ಅಲ್ಲೇ ಒಂದು ಮಾತು ಆಡಬೇಕಾಗಿತ್ತು ನೀ" ಎಂದಳು.

ಆಮೇಲೆ ನೂರಾರು ಗಿಡ ಬರೆದಳು. ಒಂದು ಹಾಳೆಯನ್ನೂ ನನ್ನ ಕೈಗೆ ಕೊಡಲಿಲ್ಲ.