ಹೊಸ್ತಿನ ಸಾಲಿನಲ್ಲಿ ಒಂದು ಕುರ್ಚಿ

ಮಕ್ಕಳಿಗೆಲ್ಲಾದರೂ ವಾತ ಬರುತ್ತದೆಯೇ ಎಂದು ಬಸ್ರೂರಿನಲ್ಲಿ ಯಾರಾದರೂ ಕೇಳಿದರೆ ಗುಲಾಬಿಗೆ ಪಿತ್ತ ನೆತ್ತಿಗೇರುತ್ತದೆ. ಬರುತ್ತದೆ ಮಾರಾಯ್ರೆ, ಬಂದಿದೆ. ಅವಳ ಎಂಟು ವರ್ಷದ ಮಗಳು ದೀಕ್ಷಾಳ ಮೊಣಕಾಲು ಬೆಳಿಗ್ಗೆ ಬಿಗಿದುಕೊಂಡಿರುತ್ತದೆ. ಮದ್ದು, ಬಿಸಿನೀರು, ವ್ಯಾಯಾಮ ಎಲ್ಲ ಆಗಿ ಬಿಸಿಲೇರುವ ಹೊತ್ತಿಗೆ ಅಂಗಳದಲ್ಲಿ ಓಡಾಡುತ್ತಾಳೆ. ಆದರೂ ಚಕ್ಕಳಮಕ್ಕಳ ಹಾಕಿ ಕೂರಲಾರಳು. ಊರಿಗೆ ಅಷ್ಟೇ ಸಾಕು. ಎಲ್ಲಾ ನಾಟಕವಂತೆ!

ಆಸ್ಪತ್ರೆಯಲ್ಲಿ ಪರಿಚಯವಾದ ಶಿರೂರಿನ ಕುಸುಮಳ ಮಗನಿಗೂ ಇದೇ ಕಾಯಿಲೆ. ಶಾಲೆಯಲ್ಲಿ ಕುರ್ಚಿ ಕೇಳಲು ನಾಚಿಕೆ ಎಂದು ಅವಳು ಫೋನಿನಲ್ಲಿ ಅತ್ತಾಗ ಗುಲಾಬಿ ಹೊಲಿಗೆ ಮಿಷನ್ ನಿಲ್ಲಿಸಿ ಬೈದಿದ್ದಳು: "ನಾಚ್ಕಿ ಎಂತಕ್ಕೆ? ನೀನೇ ಅಡಗ್ಸಿದ್ರೆ ಮಗು ಯಾರ ಹತ್ರ ಹೇಳ್ಕ್?"

ಆ ಮಾತು ಹೊಸ್ತಿನ ದಿನ ಅವಳಿಗೇ ತಿರುಗಿ ಬಂತು.

ಹೊಸ ಅಕ್ಕಿಯ ಊಟಕ್ಕೆ ಮನೆಮಂದಿಯೆಲ್ಲ ನೆಲದಲ್ಲಿ ಸಾಲಾಗಿ ಕೂತಿದ್ದರು. ಮಂಡಿನೋವಿನ ಅತ್ತೆಗೆ ಮಾತ್ರ ಕುರ್ಚಿ. ಗುಲಾಬಿ ಇನ್ನೊಂದು ಕುರ್ಚಿ ಎಳೆದದ್ದೇ, ಗಂಡನ ಅಣ್ಣ ಮಂಜಯ್ಯ ತಡೆದರು.

"ಹಿರೀರೆಲ್ಲ ನೆಲದಲ್ ಕೂತಿರುವಾಗ ಹೆಣ್ಣ್ ಕುರ್ಚಿ ಮೇಲಾ? ಅದ್ಕ್ ಒಳ್ಗೆ ಬಡ್ಸಿ."

"ಅತ್ತೆಗ್ ಕುರ್ಚಿ ಇತ್ತಲೆ, ಭಾವ."

"ಅವ್ರಿಗ್ ವಾತ."

"ಇದ್ಕೂ ವಾತವೇ."

ಮಂಜಯ್ಯ ನಕ್ಕುಬಿಟ್ಟರು. ಗುಲಾಬಿ ಮಗಳ ಕೈ ಹಿಡಿದು ಅಡುಗೆಮನೆಗೆ ನಡೆದಳು. ಅಳು ಬಂದಿತ್ತು. ಆದರೆ ಒಳಗೆ ಎಲೆ ಹಾಕಲಿಲ್ಲ.

ಭಾವ ಒಂದು ಸಂಗತಿ ಮರೆತಿದ್ದರು. ಹೊಸ್ತು ಉಣ್ಣುವ ಮೊದಲು ಕಿರಿಯರು ಹಿರಿಯರಿಗೆ "ಹೊಸ್ತ್ ಉಂತೆ", ಹೊಸ್ತು ಉಣ್ಣುತ್ತೇನೆ, ಎಂದು ಹೇಳಿ ಒಪ್ಪಿಗೆ ಪಡೆಯಬೇಕು. ಆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರದೇ ಮೊದಲ ಮಾತು. ಚಿಕ್ಕವಳು ದೀಕ್ಷಾ. ಅವಳು ಹೇಳದೆ ಯಾರೂ ತುತ್ತು ಎತ್ತುವಂತಿಲ್ಲ. ಎಲೆಯ ಮೇಲೆ ಅನ್ನ ಆರತೊಡಗಿತು.

"ಹ್ವಾಯ್, ಅಲ್ಲಿಂದ್ಲೇ ಹೇಳುಕ್ ಹೇಳಿ," ಮಂಜಯ್ಯ ಕೂಗಿದರು.

"ಸಾಲಲ್ ಜಾಗ ಇಲ್ದಿದ್ ಮಕ್ಳ್ ಎಂತಕ್ಕೆ ಹೇಳ್ಕ್, ಭಾವ?"

ಕೊನೆಗೆ ಅತ್ತೆಯೇ ಬಾಯಿಬಿಟ್ಟರು. "ಮಂಜಾ, ನಂಗ್ ಹಸಿವಾತ್ತ್. ಆ ಕುರ್ಚಿ ಇಲ್ಲಿಗ್ ತಾ."

ಮಂಜಯ್ಯನೇ ಎದ್ದು ಕುರ್ಚಿ ತರಬೇಕಾಯಿತು. ಅಜ್ಜಿಯ ಪಕ್ಕ ಅದರಲ್ಲಿ ಕೂತ ದೀಕ್ಷಾ ಮೊದಲು ಅಜ್ಜಿಗೆ ಹೇಳಿದಳು. ಆಮೇಲೆ ನೆಲದಲ್ಲಿ ಕೂತಿದ್ದವರ ಕಡೆ ತಿರುಗಿದಳು.

"ದೊಡ್ಡಪ್ಪಯ್ಯ, ಹೊಸ್ತ್ ಉಂತೆ."

"ಉಣ್ಣ್ ಮಗಾ" ಎನ್ನಲು ಮಂಜಯ್ಯ ತಲೆಯೆತ್ತಿ ಅವಳ ಮುಖ ನೋಡಲೇಬೇಕಾಯಿತು.